ಹೆಡ್‌ಫೋನಿಗೆ ತಕ್ಕ ಆಂಪ್ಲಿಫೈಯರ್: ಕೊಳ್ಳುವ ಮೊದಲು ನಾನು ಅಳೆದದ್ದು

ಜೇಬಿನಲ್ಲಿ ಹಿಡಿಯುವ ಹೆಡ್‌ಫೋನ್ ಆಂಪ್ಲಿಫೈಯರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಮಿಲಿವ್ಯಾಟ್ ಸಂಖ್ಯೆಗೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ನನ್ನ ಹೆಡ್‌ಫೋನಿಗೆ, ನನ್ನ ಕಿವಿಗೆ, ನಾನು ಕೇಳುವ ಸಂಗೀತಕ್ಕೆ ಎಷ್ಟು ವೋಲ್ಟ್ ಬೇಕು ಎಂಬುದನ್ನು ಮನೆಯಲ್ಲೇ ಅಳೆದು ತಿಳಿದುಕೊಂಡ ಮೇಲೆ ಆಯ್ಕೆ ಸಲೀಸಾಯಿತು. ದೊಡ್ಡ ಆಂಪ್ಲಿಫೈಯರಿಗೆ ಸುರಿಯಬೇಕಿದ್ದ ಹಣವೂ ಉಳಿಯಿತು.

ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಹೋಗಿ ಬರುವುದು ಚಿಗರಿ ಬಸ್ಸಿನಲ್ಲಿ. ಬಸ್ಸಿನಲ್ಲಿ ಕೇಳಲು ಕಿವಿಯೊಳಗೆ ಕೂರುವ ಸಣ್ಣ ಇಯರ್‌ಫೋನ್ ಇದೆ. ರಾತ್ರಿ ಮನೆಯಲ್ಲಿ ಕೇಳಲು ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 250 ಓಮ್‌ನದು (ಓಮ್ ಎಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ). ಕೇಳುವುದು ಬಹುಮಟ್ಟಿಗೆ ಹಿಂದೂಸ್ತಾನಿ ಗಾಯನ: ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಗದುಗಿನ ಭೀಮಸೇನ ಜೋಶಿ. ಇವುಗಳಲ್ಲಿ ಎಷ್ಟೋ ಧ್ವನಿಮುದ್ರಣಗಳು ರೇಡಿಯೊದಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿದು ಬಂದಂಥವು. ಇಂದಿನ ಸಿನಿಮಾ ಹಾಡುಗಳಂತೆ ಅವುಗಳ ಮಟ್ಟವನ್ನು ಯಾರೂ ಮೇಲಕ್ಕೆ ಒತ್ತಿಲ್ಲ. ನಿಧಾನಗತಿಯ ವಿಲಂಬಿತದ ಆರಂಭದಲ್ಲಿ ಗಾಯಕರು ಖರ್ಜದಲ್ಲಿ, ಎಂದರೆ ಕೆಳಗಿನ ಸಪ್ತಕದಲ್ಲಿ, ಮೆಲ್ಲಗೆ ಸ್ವರ ಹಚ್ಚುವಾಗ ಮೊಬೈಲಿನ ವಾಲ್ಯೂಮ್ ಪೂರ್ತಿ ಏರಿಸಿದರೂ ತಂಬೂರಿ ಎಲ್ಲೋ ದೂರದಲ್ಲಿ ಉಳಿದುಬಿಡುತ್ತಿತ್ತು. ಆಂಪ್ಲಿಫೈಯರಿನ ಯೋಚನೆ ಹುಟ್ಟಿದ್ದು ಅಲ್ಲಿಂದ.

ಕಾಗದದ ಲೆಕ್ಕದಿಂದಲೇ ಶುರು ಮಾಡಿದೆ. ಡಿಟಿ 770ಕ್ಕೆ ತಯಾರಕರು ಕೊಡುವ ಸೆನ್ಸಿಟಿವಿಟಿ 96 ಡೆಸಿಬಲ್. ಎಂದರೆ 1 ಮಿಲಿವ್ಯಾಟ್ ಕೊಟ್ಟರೆ ಅಷ್ಟು ಸದ್ದು. ಪ್ರತಿ 10 ಡೆಸಿಬಲ್ ಏರಿಕೆಗೆ ಹತ್ತು ಪಟ್ಟು ವಿದ್ಯುತ್ ಬೇಕು. ನಾನು ಕೇಳುವ ಸರಾಸರಿ ಮಟ್ಟ 75ರ ಆಸುಪಾಸು. ತಬಲಾದ ಒಂದು ಗಟ್ಟಿ ಪೆಟ್ಟು, ತಾರಸಪ್ತಕದ ಒಂದು ಏರು ಸ್ವರ ಇದಕ್ಕಿಂತ 20–25 ಡೆಸಿಬಲ್ ಮೇಲೆ ಹೋಗಬಹುದು. ಇನ್ನಷ್ಟು ಜಾಗ ಇರಲಿ ಎಂದು 110 ಡೆಸಿಬಲ್ ಹಿಡಿದೆ. ಅದಕ್ಕೆ 25 ಮಿಲಿವ್ಯಾಟ್ ಸಾಕು. 250 ಓಮ್‌ನಲ್ಲಿ 25 ಮಿಲಿವ್ಯಾಟ್ ಎಂದರೆ 2.5 ವೋಲ್ಟ್, 10 ಮಿಲಿಆಂಪಿಯರ್.

ಹುಬ್ಬಳ್ಳಿಯ ಗೆಳೆಯರೊಬ್ಬರ ಬಳಿ ಹೈಫೈಮನ್ ಸುಂದರಾ ಇದೆ. ಚಪ್ಪಟೆ ಪೊರೆಯ ಪ್ಲಾನರ್ ಹೆಡ್‌ಫೋನ್ ಅದು. 37 ಓಮ್, 94 ಡೆಸಿಬಲ್. ಅದಕ್ಕೂ ಅದೇ 110 ಡೆಸಿಬಲ್ ಬೇಕೆಂದರೆ 40 ಮಿಲಿವ್ಯಾಟ್ ಬೇಕು: ವೋಲ್ಟ್ ಬರೀ 1.2, ಆದರೆ ಕರೆಂಟ್ 33 ಮಿಲಿಆಂಪಿಯರ್. ಓಮ್ ಹೆಚ್ಚಿದ್ದರೆ ಕಷ್ಟ, ಕಡಿಮೆಯಿದ್ದರೆ ಸುಲಭ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಅದು ಅರ್ಧ ಮಾತು. ಒಂದು ಹೆಡ್‌ಫೋನ್ ವೋಲ್ಟೇಜ್ ಕೇಳುತ್ತದೆ, ಇನ್ನೊಂದು ಕರೆಂಟ್ ಕೇಳುತ್ತದೆ. ಯಾವುದು ಏನು ಕೇಳುತ್ತದೆ ಎಂದು ತಿಳಿಯದೆ ಆಂಪ್ಲಿಫೈಯರ್ ಹೊಂದಿಸಲು ಬರುವುದಿಲ್ಲ.

ನನ್ನ ಸೋದರಳಿಯ ಒಂದು ಯಂತ್ರದ ಚಿತ್ರ ಕಳಿಸಿ, “ಮಾಮಾ, 32 ಓಮ್‌ಗೆ 60 ಮಿಲಿವ್ಯಾಟ್ ಎಂದು ಬರೆದಿದ್ದಾರೆ, ನಿಮಗೆ 25 ಸಾಕಲ್ಲವೇ, ತೆಗೆದುಕೊಳ್ಳಿ” ಎಂದ. ಆ 60 ಮಿಲಿವ್ಯಾಟ್ ಹುಟ್ಟುವುದು ಸುಮಾರು 1.4 ವೋಲ್ಟಿನಿಂದ. ಆ ಯಂತ್ರದ ಗರಿಷ್ಠ ವೋಲ್ಟೇಜ್ ಅಷ್ಟೇ ಆಗಿದ್ದರೆ 250 ಓಮ್‌ಗೆ ಸಿಗುವುದು 8 ಮಿಲಿವ್ಯಾಟ್ ಕೂಡ ಅಲ್ಲ. ಡಬ್ಬದ ಸಂಖ್ಯೆ ಸುಳ್ಳೇನೂ ಅಲ್ಲ. ಅದು ಬೇರೆ ಹೆಡ್‌ಫೋನಿನ ಲೆಕ್ಕ.

ಇಷ್ಟಾದರೂ ಕಾಗದದ ಲೆಕ್ಕದಲ್ಲಿ 110 ಎಂಬುದು ನಾನು ಹಿಡಿದ ಊಹೆ. ನನ್ನ ಕಿವಿ ನಿಜವಾಗಿ ಕೇಳುವುದೆಷ್ಟು ಎಂದು ಅಳೆಯಲು ಮಲ್ಟಿಮೀಟರ್ ತೆಗೆದೆ. ಇಲ್ಲಿ ಎರಡು ವಿಷಯ ಗಮನಿಸಬೇಕು. ಅಗ್ಗದ ಮೀಟರುಗಳಲ್ಲಿ ಎಸಿ ವೋಲ್ಟೇಜಿನ ಅತಿ ಕೆಳಗಿನ ಶ್ರೇಣಿಯೇ 200 ವೋಲ್ಟ್, ಅದರಲ್ಲಿ 0.1ಕ್ಕಿಂತ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. 2 ವೋಲ್ಟ್, 20 ವೋಲ್ಟ್ ಎಸಿ ಶ್ರೇಣಿ ಇರುವ ಮೀಟರ್ ಬೇಕು. ಇನ್ನೊಂದು, ಈ ಮೀಟರುಗಳು ಮನೆಯ 50 ಹರ್ಟ್ಸ್ ವಿದ್ಯುತ್ತಿಗಾಗಿ ಮಾಡಿದಂಥವು. ಸಾವಿರಾರು ಹರ್ಟ್ಸ್‌ನಲ್ಲಿ ತಪ್ಪು ತೋರಿಸುತ್ತವೆ. ಹಾಗಾಗಿ ಅಡಾಸಿಟಿ ತಂತ್ರಾಂಶದಲ್ಲಿ 100 ಹರ್ಟ್ಸ್‌ನ ಸೈನ್ ಅಲೆಯನ್ನು ಪೂರ್ಣ ಮಟ್ಟದಲ್ಲಿ ತಯಾರಿಸಿ ಮೊಬೈಲಿಗೆ ಹಾಕಿಕೊಂಡೆ.

ಮೀಟರಿಗೆ ತಂತಿ ಜೋಡಿಸಲು ಕೆಟ್ಟುಹೋದ ಒಂದು ಇಯರ್‌ಫೋನಿನ ಕೇಬಲ್ ಕತ್ತರಿಸಿದೆ. ಪಿನ್ ಚೆನ್ನಾಗಿದ್ದರೆ ಸಾಕು. ಒಳಗೆ ಕೂದಲಿನಷ್ಟು ಸಣ್ಣ ಎಳೆಗಳು ಒಂದು ದಾರಕ್ಕೆ ಸುತ್ತಿಕೊಂಡಿರುತ್ತವೆ: ಕೆಂಪು ಎಳೆ, ಹಸಿರು ಅಥವಾ ನೀಲಿ ಎಳೆ, ಜೊತೆಗೆ ಬಣ್ಣವಿಲ್ಲದ ತಾಮ್ರದ ಎಳೆ. ಸಾಮಾನ್ಯವಾಗಿ ಕೆಂಪು ಬಲಗಿವಿಯದು, ಹಸಿರು ಅಥವಾ ನೀಲಿ ಎಡಗಿವಿಯದು, ತಾಮ್ರದ್ದು ಗ್ರೌಂಡ್. ಆ ಬಣ್ಣ ವಾರ್ನಿಷ್. ಅದರ ಮೇಲೆ ಬೆಸುಗೆ ಹಿಡಿಯುವುದಿಲ್ಲ, ಚಾಕುವಿನಿಂದ ಹೆರೆಯಲು ಹೋದರೆ ಎಳೆಯೇ ತುಂಡಾಗುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೀಸದ ಒಂದು ಹನಿ ಕರಗಿಸಿ, ಎಳೆಯ ತುದಿಯನ್ನು ಅದರೊಳಗೆ ಅದ್ದಿ ಹಿಡಿಯಬೇಕು. ವಾರ್ನಿಷ್ ಸುಟ್ಟು ಸಣ್ಣಗೆ ಹೊಗೆ ಏಳುತ್ತದೆ, ಎಳೆ ಬೆಳ್ಳಗಾಗುತ್ತದೆ. ಆಗ ಮೀಟರಿನ ತಂತಿಯನ್ನು ಹಚ್ಚಬಹುದು. ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಿ.

ಗೆಳೆಯರ ಬ್ಯಾಟರಿ ಆಂಪ್ಲಿಫೈಯರನ್ನು ಎರವಲು ತಂದು ಡಿಟಿ 770 ಸಿಕ್ಕಿಸಿ, ಇತ್ತೀಚಿನ ಒಳ್ಳೆಯ ಧ್ವನಿಮುದ್ರಣ ಹಾಕಿ, ಮನಸ್ಸಿಗೆ ಒಪ್ಪುವ ಮಟ್ಟಕ್ಕೆ ವಾಲ್ಯೂಮ್ ತಂದೆ. ಆಮೇಲೆ ವಾಲ್ಯೂಮನ್ನು ಮುಟ್ಟದೆ ಹೆಡ್‌ಫೋನ್ ಕಿತ್ತು, ಆ ಜಾಗದಲ್ಲಿ ಮೀಟರಿನ ಪಿನ್ ಸಿಕ್ಕಿಸಿ 100 ಹರ್ಟ್ಸ್ ನುಡಿಸಿದೆ. 0.9 ವೋಲ್ಟ್. ಫೈಲಿನಲ್ಲಿ ಹಿಡಿಯುವ ಅತಿ ಗಟ್ಟಿ ಸದ್ದಿಗೂ ಆ ವಾಲ್ಯೂಮಿನಲ್ಲಿ ಇದಕ್ಕಿಂತ ಹೆಚ್ಚು ಬೇಡ. ಹೆಡ್‌ಫೋನ್ ಕೀಳದೆ, ಕಿವಿಗೆ ಹಾಕಿಕೊಂಡು ಆ ಅಲೆಯನ್ನು ಯಾರೂ ನುಡಿಸಬಾರದು; ಅದು ಪೂರ್ಣ ಮಟ್ಟದ ಸದ್ದು. ಮುಂದೆ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಮೆಲುದನಿಯ ಹಳೆಯ ರೇಡಿಯೊ ಧ್ವನಿಮುದ್ರಣ ಹಾಕಿ ಅದೇ ಕ್ರಮದಲ್ಲಿ ಅಳೆದೆ. 2.6 ವೋಲ್ಟ್.

ಈ ಎರಡು ಸಂಖ್ಯೆಗಳು ನನ್ನ ಪ್ರಶ್ನೆಯನ್ನೇ ಬದಲಿಸಿದವು. ಹೊಸ ಧ್ವನಿಮುದ್ರಣಕ್ಕೆ 1 ವೋಲ್ಟ್ ಕೊಡುವ ಸಣ್ಣ ಡಾಂಗಲ್ (ಮೊಬೈಲಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಆಂಪ್ಲಿಫೈಯರ್) ಸಾಕು. ಹಳೆಯದಕ್ಕೆ 2.6 ಬೇಕಾಗುವುದು ಹೆಡ್‌ಫೋನಿನ ಹಸಿವಿನಿಂದಲ್ಲ, ಫೈಲಿನ ಮಟ್ಟ ತಗ್ಗಿರುವುದರಿಂದ. ಹಾಗಾದರೆ ಫೈಲನ್ನೇ ಸರಿಪಡಿಸಬಹುದಲ್ಲ! ಅಡಾಸಿಟಿಯಲ್ಲಿ ತೆರೆದು ನೋಡಿದರೆ ಅಲೆಯ ಚಿತ್ರ ನಡುಗೆರೆಯ ಹತ್ತಿರವೇ ಮುದುಡಿಕೊಂಡಿತ್ತು, ಅಲ್ಲಲ್ಲಿ ಮಾತ್ರ ಸೂಜಿಯಂತೆ ಒಂದೊಂದು ಗೆರೆ ಮೇಲೆದ್ದಿತ್ತು. ಆ ಗೆರೆಗಳು ಸಂಗೀತವಲ್ಲ, ಚಟ್ ಚಟ್ ಎನ್ನುವ ಸದ್ದುಗಳು. ಅವನ್ನು ಹಾಗೇ ಬಿಟ್ಟು ಮಟ್ಟ ಏರಿಸಲು ಹೋದರೆ ಅವೇ ಮೊದಲು ಮಿತಿಯನ್ನು ಮುಟ್ಟಿ ಅಡ್ಡ ನಿಲ್ಲುತ್ತವೆ. ಮೊದಲು ಆ ಸದ್ದುಗಳನ್ನು ತೆಗೆದು, ಆಮೇಲೆ ಇಡೀ ಫೈಲನ್ನು ಒಂದೇ ಪ್ರಮಾಣದಲ್ಲಿ ಮೇಲೆತ್ತಿದೆ. ಮೆಲುದನಿ ಮತ್ತು ಏರುದನಿಗಳ ನಡುವಿನ ಅಂತರವನ್ನು ಕುಗ್ಗಿಸುವ ಕಂಪ್ರೆಶನ್ನನ್ನು ಮಾತ್ರ ಮುಟ್ಟಲಿಲ್ಲ. ಗಾಯಕರು ಕಟ್ಟಿದ ಏರಿಳಿತವನ್ನು ಕೆಡಿಸುವ ಹಕ್ಕು ನಮಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂಲ ಫೈಲಿನ ಪ್ರತಿಯನ್ನೂ ಬೇರೆ ಇಟ್ಟುಕೊಂಡೆ. ಈಗ ಅದೇ ಧ್ವನಿಮುದ್ರಣಕ್ಕೆ 1.3 ವೋಲ್ಟ್ ಸಾಕಾಗುತ್ತದೆ. 2 ವೋಲ್ಟ್ ಕೊಡುವ ಆಂಪ್ಲಿಫೈಯರ್ ನನಗೆ ಧಾರಾಳ.

ಶಕ್ತಿಯ ಪ್ರಶ್ನೆ ಮುಗಿದ ಮೇಲೆ ಉಳಿದದ್ದು ಔಟ್‌ಪುಟ್ ಇಂಪಿಡೆನ್ಸ್, ಎಂದರೆ ಆಂಪ್ಲಿಫೈಯರ್ ತನ್ನೊಳಗೇ ವಿದ್ಯುತ್ತಿಗೆ ಒಡ್ಡುವ ತಡೆ. ಇದನ್ನೂ ಓಮ್‌ನಲ್ಲೇ ಅಳೆಯುತ್ತಾರೆ. ನನ್ನ ಮಟ್ಟಿಗೆ ಇದು ಮಿಲಿವ್ಯಾಟ್‌ಗಿಂತ ಮುಖ್ಯ. ತಬಲಾ ನುಡಿಸುವವರು ಡಗ್ಗಾದ ಮೇಲೆ ಅಂಗೈಯ ಬುಡವನ್ನು ಒತ್ತಿ ಅದರ ಅನುರಣನವನ್ನು ಹಿಡಿತದಲ್ಲಿ ಇಡುವಂತೆ, ಆಂಪ್ಲಿಫೈಯರಿನ ಕಡಿಮೆ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಪೊರೆಯನ್ನು ಹಿಡಿತದಲ್ಲಿ ಇಡುತ್ತದೆ. ಹೆಡ್‌ಫೋನಿನ ಓಮ್ ಇದರ ಎಂಟು ಪಟ್ಟಾದರೂ ಇರಬೇಕು ಎಂಬುದು ರೂಢಿಯ ನಿಯಮ. 250 ಓಮ್‌ನ ಹೆಡ್‌ಫೋನಿಗೆ ಇದು ತೊಡಕಾಗುವುದಿಲ್ಲ. ತೊಡಕು ಇರುವುದು ಒಳಗೆ ಹಲವು ಡ್ರೈವರುಗಳಿರುವ (ಸದ್ದು ಹುಟ್ಟಿಸುವ ಪುಟ್ಟ ಘಟಕಗಳಿರುವ) ನನ್ನ ಬಸ್ಸಿನ ಇಯರ್‌ಫೋನಿಗೆ. ಇಂಥವುಗಳ ಇಂಪಿಡೆನ್ಸ್ ಒಂದು ಸ್ವರದಲ್ಲಿ 8 ಓಮ್, ಇನ್ನೊಂದರಲ್ಲಿ 30 ಓಮ್ ಹೀಗೆ ಬದಲಾಗಬಹುದು. ಔಟ್‌ಪುಟ್ ಇಂಪಿಡೆನ್ಸ್ 10 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ ನಾಲ್ಕೂವರೆ ಡೆಸಿಬಲ್ ಏರುಪೇರಾಗುತ್ತದೆ. 1 ಓಮ್ ಇದ್ದರೆ ಮುಕ್ಕಾಲು ಡೆಸಿಬಲ್ ಮಾತ್ರ. ನಾಲ್ಕೂವರೆ ಡೆಸಿಬಲ್ ಎಂದರೆ ಗಾಯಕರ ದನಿಯ ಬಣ್ಣವೇ ಬೇರೆ.

ಇದನ್ನೂ ಅದೇ ಮೀಟರಿನಿಂದ ಅಳೆಯಬಹುದು. ಬಿಡಿಭಾಗಗಳ ಅಂಗಡಿಯಲ್ಲಿ 33 ಓಮ್‌ನ ರೆಸಿಸ್ಟರ್ ಕೆಲವೇ ರೂಪಾಯಿಗೆ ಸಿಗುತ್ತದೆ. ಏನೂ ಜೋಡಿಸದೆ 100 ಹರ್ಟ್ಸ್ ನುಡಿಸಿ ವಾಲ್ಯೂಮನ್ನು 0.50 ವೋಲ್ಟಿಗೆ ನಿಲ್ಲಿಸಿದೆ. ಆಮೇಲೆ ಅದೇ ತಂತಿಗಳ ನಡುವೆ ರೆಸಿಸ್ಟರ್ ಸೇರಿಸಿದೆ. ನನ್ನ ಹಳೆಯ ಲ್ಯಾಪ್‌ಟಾಪಿನ ಜಾಕಿನಲ್ಲಿ ವೋಲ್ಟೇಜ್ 0.38ಕ್ಕೆ ಕುಸಿಯಿತು. 0.50ನ್ನು 0.38ರಿಂದ ಭಾಗಿಸಿ, ಬಂದದ್ದರಲ್ಲಿ 1 ಕಳೆದು, 33ರಿಂದ ಗುಣಿಸಿದರೆ 10 ಓಮ್ ಚಿಲ್ಲರೆ. ಎರವಲು ತಂದ ಆಂಪ್ಲಿಫೈಯರಿನಲ್ಲಿ ಮೀಟರ್ 0.49 ತೋರಿಸಿತು, ಒಂದು ಓಮ್‌ಗಿಂತ ಕಡಿಮೆ.

ಈ ಸಂಖ್ಯೆಗಳು ಕಿವಿಗೆ ಏನು ಮಾಡುತ್ತವೆ ಎಂದು ತಿಳಿಯಲು ನಾನು ಹಾಕುವುದು ಗಂಗೂಬಾಯಿಯವರ ಗಾಯನ. ಕುಂದಗೋಳದಲ್ಲಿ ಅವರನ್ನು ಎದುರಿಗೆ ಕುಳಿತು ಕೇಳಿದ್ದೇನೆ. ಆ ದನಿಯ ದಪ್ಪ, ಅಂಚಿನ ಒರಟು ನೆನಪಿನಲ್ಲಿ ಅಚ್ಚಾಗಿವೆ. ಲ್ಯಾಪ್‌ಟಾಪಿನಿಂದ ಇಯರ್‌ಫೋನಿನಲ್ಲಿ ಕೇಳಿದಾಗ ದನಿಯ ಎದೆ ತೆಳ್ಳಗಾಗಿ ತಂಬೂರಿಯ ಮೇಲಿನ ಝೇಂಕಾರ ಮುಂದೆ ಬಂದು ನಿಂತಿತ್ತು. ಆಂಪ್ಲಿಫೈಯರಿನಿಂದ ಕೇಳಿದಾಗ ತಂಬೂರಿ ಹಿಂದೆ ಸರಿದು ದನಿ ತನ್ನ ಜಾಗಕ್ಕೆ ಬಂತು. ಹೀಗೆ ಹೋಲಿಸುವಾಗ ಎರಡೂ ಕಡೆ ವೋಲ್ಟೇಜನ್ನು ಮೀಟರಿನಿಂದ ಸರಿಹೊಂದಿಸಿಕೊಂಡೇ ಕೇಳಬೇಕು. ಸ್ವಲ್ಪ ಗಟ್ಟಿಯಾಗಿ ಕೇಳಿಸಿದ್ದು ಎಲ್ಲರ ಕಿವಿಗೂ ಉತ್ತಮವಾಗಿಯೇ ಕೇಳಿಸುತ್ತದೆ, ಅಂಗಡಿಯಲ್ಲಂತೂ ಇನ್ನೂ ಹೆಚ್ಚು.

ಇಯರ್‌ಫೋನಿಗೆ ಇನ್ನೊಂದು ಪರೀಕ್ಷೆ ಮೌನದ್ದು. ನನ್ನದು 16 ಓಮ್, ಮಿಲಿವ್ಯಾಟಿಗೆ 108 ಡೆಸಿಬಲ್. ಇಷ್ಟು ಚುರುಕಾದ ಇಯರ್‌ಫೋನಿಗೆ ಆಂಪ್ಲಿಫೈಯರಿನ ಸ್ವಂತ ಗದ್ದಲ 10 ಮೈಕ್ರೋವೋಲ್ಟ್ ಇದ್ದರೂ ರಾತ್ರಿಯ ನಿಶ್ಶಬ್ದದಲ್ಲಿ ಸುಯ್ ಎಂಬ ಸದ್ದು ಕೇಳಿಸುತ್ತದೆ. 2 ಇದ್ದರೆ ಕೇಳಿಸುವುದಿಲ್ಲ. ಹಾಡು ಹಾಕದೆ, ಆಂಪ್ಲಿಫೈಯರ್ ಚಾಲೂ ಮಾಡಿ, ಸುಮ್ಮನೆ ಕಿವಿಗೊಟ್ಟು ಕೂತರೆ ಗೊತ್ತಾಗುತ್ತದೆ. ತಿರುಗುಗುಂಡಿಯ ಆಂಪ್ಲಿಫೈಯರುಗಳಲ್ಲಿ ವಾಲ್ಯೂಮ್ ತೀರಾ ಕೆಳಗಿದ್ದಾಗ ಒಂದು ಕಿವಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಕೇಳಿಸುವುದೂ ಇದೆ. ಗೇನ್ ಎಂದರೆ ಬಂದ ಸಂಕೇತವನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು; ಅದನ್ನು ತಗ್ಗಿಸುವ ಲೋ ಗೇನ್ ಇದ್ದರೆ ಗುಂಡಿಯನ್ನು ಇನ್ನಷ್ಟು ತಿರುಗಿಸಿ ಕೇಳಬಹುದು, ಆ ವ್ಯತ್ಯಾಸ ಮಾಯವಾಗುತ್ತದೆ.

ಕೊನೆಗೆ ನಾನು ಕೊಂಡದ್ದು 3.5 ಮಿಲಿಮೀಟರ್ ಜಾಕಿನಲ್ಲೇ 2 ವೋಲ್ಟ್ ಕೊಡುವ, ಒಂದು ಓಮ್‌ಗಿಂತ ಕಡಿಮೆ ಔಟ್‌ಪುಟ್ ಇಂಪಿಡೆನ್ಸ್ ಇರುವ, ಎರಡು ಗೇನ್ ಇರುವ ಯುಎಸ್‌ಬಿ ಡಾಂಗಲ್. 4.4 ಮಿಲಿಮೀಟರ್ ಬ್ಯಾಲೆನ್ಸ್‌ಡ್ ಜಾಕಿಗೆ ಹೆಚ್ಚು ಹಣ ಕೊಡಲಿಲ್ಲ: ಅದರಿಂದ ವೋಲ್ಟೇಜ್ ದುಪ್ಪಟ್ಟಾಗುತ್ತದೆ ನಿಜ, ಆದರೆ ನನಗೆ ಅದು ಬೇಡ, ಮೇಲಾಗಿ ಆ ಜಾಕಿಗೆ ಬೇರೆ ಕೇಬಲ್ ಬೇಕು, ಡಿಟಿ 770ರ ಕೇಬಲ್ ಕಳಚಲು ಬರುವಂಥದ್ದಲ್ಲ. ಡಾಂಗಲ್ ಮೊಬೈಲಿನ ಬ್ಯಾಟರಿಯನ್ನೇ ತಿನ್ನುತ್ತದೆ. ದಿನವಿಡೀ ಕೇಳುವವರು ಸ್ವಂತ ಬ್ಯಾಟರಿಯ ಆಂಪ್ಲಿಫೈಯರ್ ನೋಡುವುದು ಒಳ್ಳೆಯದು. ಅದನ್ನು ಮೊಬೈಲಿನ ಹೆಡ್‌ಫೋನ್ ಜಾಕಿಗೆ ಜೋಡಿಸುವುದಕ್ಕಿಂತ ಯುಎಸ್‌ಬಿಯಿಂದ ಜೋಡಿಸಿದರೆ ಮೊಬೈಲಿನ ಒಳಗಿನ ಆಂಪ್ಲಿಫೈಯರಿನ ಗದ್ದಲ ಸೇರಿಕೊಳ್ಳುವುದಿಲ್ಲ. ಕೆಲವು ಮೊಬೈಲುಗಳಲ್ಲಿ ಓಟಿಜಿಯನ್ನು (ಯುಎಸ್‌ಬಿಗೆ ಹೊರಗಿನ ಸಾಧನ ಜೋಡಿಸಲು ಬಿಡುವ ಸೌಲಭ್ಯ) ಸೆಟ್ಟಿಂಗ್ಸ್‌ಗೆ ಹೋಗಿ ಚಾಲೂ ಮಾಡದ ಹೊರತು ಡಾಂಗಲ್ ಮಾತೇ ಆಡುವುದಿಲ್ಲ. ಕೆಟ್ಟಿದೆ ಎಂದು ಮರಳಿಸುವ ಮೊದಲು ಅದನ್ನು ನೋಡಿ. ಲ್ಯಾಪ್‌ಟಾಪಿಗೆ ಹಾಕಿದಾಗ ಗುಂಯ್ ಎಂದರೆ ಚಾರ್ಜರ್ ಕಿತ್ತು ನೋಡಿ. ಅರ್ತಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ.

ನನ್ನ ಡಾಂಗಲ್ ಬಸ್ಸಿನಲ್ಲಿ ಲೋ ಗೇನ್, ಮನೆಯಲ್ಲಿ ಹೈ ಗೇನ್. ರಾತ್ರಿ ಡಿಟಿ 770 ಕಿತ್ತು ಬೆಳಿಗ್ಗೆ ಇಯರ್‌ಫೋನ್ ಸಿಕ್ಕಿಸುವ ಮೊದಲು ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಗೇನ್ ಬದಲಿಸಿ, ಹಾಡು ಶುರುವಾದ ಮೇಲಷ್ಟೇ ಇಯರ್‌ಫೋನನ್ನು ಕಿವಿಗೆ ಇಡುತ್ತೇನೆ. ಒಂದೇ ವೋಲ್ಟೇಜಿಗೆ ಆ ಇಯರ್‌ಫೋನ್ ಡಿಟಿ 770ಕ್ಕಿಂತ 24 ಡೆಸಿಬಲ್ ಹೆಚ್ಚು ಸದ್ದು ಮಾಡುತ್ತದೆ. ವಾರಕ್ಕೆ 40 ಗಂಟೆ, 80 ಡೆಸಿಬಲ್: ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇದು. ಬಸ್ಸಿನ ಸದ್ದಿನ ಮೇಲೆ ಸಂಗೀತವನ್ನು ಏರಿಸುತ್ತ ಹೋದರೆ ಆ ಮಿತಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ತುದಿಯನ್ನು ಸರಿಯಾದ ಅಳತೆಯಲ್ಲಿ ಆರಿಸಿಕೊಂಡರೆ ಬಸ್ಸಿನ ಸದ್ದು ಹೊರಗೇ ಉಳಿಯುತ್ತದೆ, ವಾಲ್ಯೂಮ್ ಏರಿಸಬೇಕು ಎಂದೇ ಅನ್ನಿಸುವುದಿಲ್ಲ.