ಹಿರಿಯರ ರಾಕ್ ಎಲ್‌ಪಿಗಳನ್ನು ಮಕ್ಕಳ ಫೋನಿಗೆ ತರುವುದು ಹೇಗೆ?

1970ರ ದಶಕದ ರಾಕ್ ಕೇಳುಗರು ಎಲ್‌ಪಿಯ (ದೊಡ್ಡ ವಿನೈಲ್ ರೆಕಾರ್ಡ್) ಒಂದು ಬದಿಯನ್ನು, ಸುಮಾರು 20 ನಿಮಿಷ, ಒಟ್ಟಿಗೆ ಕೇಳುತ್ತಿದ್ದರು. ಇಂದಿನವರಿಗೆ ಬಿಡಿ ಹಾಡುಗಳೇ ರೂಢಿ. ಡಿಜಿಟಲ್ ಮಾಡುವಾಗ ಹಾಡುಗಳ ಆ ಕ್ರಮ ಕೆಡಬಾರದು.

ಕಾರ್ಬನ್ ಫೈಬರ್ ಬ್ರಷ್‌ನಿಂದ ಧೂಳು ತೆಗೆಯಿರಿ. ಸೂಜಿಯ ಭಾರ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ತಯಾರಕರು ಹೇಳಿದಷ್ಟೇ ಇರಲಿ, ಹೆಚ್ಚಿನವಕ್ಕೆ 1.5ರಿಂದ 2 ಗ್ರಾಂ. ಭಾರ ಕಡಿಮೆಯಾದರೆ ರೆಕಾರ್ಡ್ ಬಾಳಿಕೆ ಬರುತ್ತದೆ ಎಂಬುದು ತಪ್ಪು. ಡ್ರಮ್ ಜೋರಾದಲ್ಲಿ ಸೂಜಿ ಹಿಡಿತ ತಪ್ಪಿ ಸದ್ದು ಕೆತ್ತಿದ ಗೆರೆಯನ್ನೇ, ಅಂದರೆ ಗ್ರೂವ್ ಅನ್ನೇ, ಕೆರೆಯುತ್ತದೆ.

ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ), ಫೋನೋ ಪ್ರೀಆಂಪ್, ಆಡಿಯೊ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಸಾಧನ), ಕಂಪ್ಯೂಟರ್: ಜೋಡಣೆ ಇದೇ ಕ್ರಮದಲ್ಲಿ. ಪ್ರೀಆಂಪ್ ಬಿಟ್ಟರೆ ಸದ್ದು ಕ್ಷೀಣ, ಬೇಸ್ ಮಾಯ. ಎಲ್‌ಪಿ ಕೆತ್ತುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಅದನ್ನು ಸರಿದೂಗಿಸುವುದು ಪ್ರೀಆಂಪ್. ಟರ್ನ್‌ಟೇಬಲ್ ಒಳಗೇ ಅದಿದ್ದರೆ ಇನ್ನೊಂದು ಬೇಡ. ಗುಂಯ್ ಎನ್ನುತ್ತಿದ್ದರೆ ಮೊದಲು ಅರ್ಥ್ ವೈರ್ ನೋಡಿ.

ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಗುಣಮಟ್ಟ 24 ಬಿಟ್, 96 ಕಿಲೋಹರ್ಟ್ಸ್ ಸಾಕು. ಅತಿ ಜೋರಾದ ಭಾಗ ಮೈನಸ್ 6 ಡೆಸಿಬಲ್ ದಾಟದಿರಲಿ. ಸದ್ದು ಮಿತಿ ಮೀರಿ ತಲೆ ಕತ್ತರಿಸಿಹೋದ ಅಲೆಯನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಇಡೀ ಬದಿಯನ್ನು ನಿಲ್ಲಿಸದೆ ರೆಕಾರ್ಡ್ ಮಾಡಿ, ನಂತರ ಹಾಡಿಗೊಂದು ಲೇಬಲ್ ಹಾಕಿ ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್ ಬಗೆ) ಆಗಿ ಉಳಿಸಿ. ಒಂದಕ್ಕೊಂದು ಬೆಸೆದ ಹಾಡುಗಳ ನಡುವೆ ಫೇಡ್ (ಸದ್ದನ್ನು ಮೆಲ್ಲಗೆ ಏರಿಸುವುದು, ಇಳಿಸುವುದು) ಬೇಡವೇ ಬೇಡ. ಫೋನಿನ ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವ ಆಯ್ಕೆ) ಆನ್ ಮಾಡಿ.

ಚಟಪಟ ಸದ್ದನ್ನು ಒಂದೊಂದಾಗಿ ಕೈಯಿಂದ ತೆಗೆಯಿರಿ. ನಾಯ್ಸ್ ರಿಡಕ್ಷನ್ ಹೆಚ್ಚಾದರೆ ಸಿಂಬಲ್‌ನ (ಡ್ರಮ್ ಜೊತೆಗಿನ ಲೋಹದ ತಟ್ಟೆ) ಮಿನುಗು ಸಾಯುತ್ತದೆ. ಹೊಸ ರೀಮಾಸ್ಟರ್‌ಗಳ (ಹಳೆಯ ಧ್ವನಿಮುದ್ರಣವನ್ನು ಮತ್ತೆ ಹದಗೊಳಿಸಿದ ಆವೃತ್ತಿ) ಪಕ್ಕ ನಿಮ್ಮ ಫೈಲ್ ಮೆಲ್ಲಗೆ ಕೇಳಿಸಬಹುದು. ಮೆಲುದನಿ, ಜೋರುದನಿಗಳ ಅಂತರ ಕುಗ್ಗಿಸುವ ಕಂಪ್ರೆಸರ್ ಹಾಕಬೇಡಿ, ವಾಲ್ಯೂಮ್ ಏರಿಸಿ. ಟ್ಯಾಗ್‌ನಲ್ಲಿ ಮರುಮುದ್ರಣದ್ದಲ್ಲ, ಮೊದಲ ಬಿಡುಗಡೆಯ ವರ್ಷ ಬರೆಯಿರಿ.