ಚೆನ್ನೈ ವರ್ಲ್ಡ್ ಚಾಂಪಿಯನ್‌ಶಿಪ್‌ಗೆ ಊಟದ ಮೇಜಿನ ಮೇಲೆ ಸ್ಕ್ರೀನ್ ಕಟ್ಟಿ ತಯಾರಾಗಿದ್ದು

2015ರಲ್ಲಿ ಬ್ರಿಡ್ಜ್ ಅನ್ನೋ ಇಸ್ಪೀಟಾಟದ ವಿಶ್ವ ಟೀಮ್ ಪಂದ್ಯ ಬರ್ಮುಡಾ ಬೌಲ್ ಚೆನ್ನೈಗೆ ಬಂತಲ್ಲ, ಅದರ ಜೊತೆಗೇ ನಡೆದ ಟ್ರಾನ್ಸ್‌ನ್ಯಾಷನಲ್ ಟೀಮ್ಸ್‌ಗೆ ಬೆಂಗಳೂರಿಂದ ನಾವು ನಾಲ್ಕು ಜನ ಹೋಗಿದ್ವಿ. ಅದಕ್ಕೆ ದೇಶದ ಸೆಲೆಕ್ಷನ್ ಬೇಕಾಗಿಲ್ಲ, ಫೀ ಕಟ್ಟಿದ್ರೆ ಆಯ್ತು, ಆದ್ರೆ ಎದುರಿಗೆ ಬರ್ಮುಡಾ ಬೌಲಿಂದ ಸೋತು ಬಂದ ಟೀಮೇ ಕೂತಿರಬಹುದು. ಕ್ಲಬ್ಬಲ್ಲಿ ಎಲ್ರೂ ಬಿಡ್ಡಿಂಗಿಗೆ, ಅಂದ್ರೆ ಎಲೆ ಆಡೋಕೆ ಮುಂಚಿನ ಹರಾಜಿಗೆ, ಪ್ರಿಸಿಷನ್ ಅನ್ನೋ ಪದ್ಧತಿ ಕಲೀರಿ, ಸಿಸ್ಟಮ್ ಬದಲಾಯಿಸಿ ಅಂದ್ರು. ನಾನು ಹೋಗಿ, ಪಾರ್ಟ್ನರುಗಳು ಒಬ್ರಿಗೊಬ್ರು ಕಾಣದ ಹಾಗೆ ಮೇಜಿಗೆ ಅಡ್ಡ ನಿಲ್ಲಿಸೋ ಸ್ಕ್ರೀನ್ ಮಾಡೋಕೆ ಪ್ಲೈವುಡ್ ತಂದೆ.

ಯಾಕಂದ್ರೆ ಅದಕ್ಕೆ ಮುಂಚೆ ಒಂದೇ ಒಂದು ಸಲ ಸ್ಕ್ರೀನ್ ಇರೋ ಮ್ಯಾಚ್ ಆಡಿದ್ದೆ, ಒಂದು ದಿನದಲ್ಲಿ ಮೂವತ್ತು ಇಂಪ್ಸ್ (ಟೀಮ್ ಮ್ಯಾಚಿನ ಪಾಯಿಂಟ್) ಹತ್ರ ಕಳ್ಕೊಂಡಿದ್ವಿ, ಅದರಲ್ಲಿ ಸಿಸ್ಟಮ್ ತಪ್ಪು ಒಂದೂ ಇಲ್ಲ. ವಿಶೇಷ ಅರ್ಥದ ನನ್ನ ಬಿಡ್ ನಾನೇ ಅಲರ್ಟ್ ಮಾಡಿ ಎದುರಾಳಿಗೆ ತಿಳಿಸಬೇಕು ಅನ್ನೋದು ಮರೆತೋಯ್ತು, ಬರೆದು ವಿವರಿಸೋ ಕಡೆ ಬಾಯಿ ಬಿಟ್ಟೆ, ಬಿಡ್ ಕಾರ್ಡ್ ಇಟ್ಟ ಟ್ರೇ ಸ್ಕ್ರೀನ್ ಕೆಳಗಿನ ಕಿಂಡೀಲಿ ಆ ಕಡೆ ಹೋದ್ರೆ ಪಾರ್ಟ್ನರ್ ಏನ್ ಯೋಚನೆ ಮಾಡ್ತಿದಾರೋ ಅಂತ ತಲೆ ಅಲ್ಲೇ ಸಿಕ್ಕಾಕ್ಕೊಳ್ತಿತ್ತು.

ಮೊದಲನೇ ಸ್ಕ್ರೀನಲ್ಲಿ ಕೆಳಗಿನ ಕಿಂಡಿ ಸಣ್ಣದಾಗಿ ಬಿಡ್ಡಿಂಗ್ ಕಾರ್ಡ್ ಸಮೇತ ಟ್ರೇ ಸಿಕ್ಕಾಕ್ಕೊಳ್ತು. ಎರಡನೇದರಲ್ಲಿ ಜಾಸ್ತಿ ಕೊಯ್ಸಿಬಿಟ್ಟೆ, ಆ ಕಡೆಯವರ ಕೈ ಪೂರ್ತಿ ಕಾಣೋದು, ಪ್ರಯೋಜನ ಇಲ್ಲ. ಮೂರನೇದು ಸರಿಹೋಯ್ತು, ಮೊದಲ ಎಲೆ (ಲೀಡ್) ಬಿದ್ದ ಮೇಲೆ ಎತ್ತೋಕೆ ಕಬ್ಜದ ಬಾಗಿಲು, ಮೇಲೆ ಹಸಿರು ಬಟ್ಟೆ. ಬಡಗಿ ಕೂಲಿ ಸೇರಿ ಮೂರಕ್ಕೂ ನಾಲ್ಕು ಸಾವಿರ ಚಿಲ್ಲರೆ. "ಏನ್ರೀ ಇದು, ಊಟದ ಮೇಜಿಗೆ ಗೋಡೆ ಕಟ್ತಿದೀರಾ" ಅಂದ ನನ್ನ ಹೆಂಡತಿನೇ ಆಮೇಲೆ ಪ್ರತಿ ಸಲ ಬೋರ್ಡುಗಳಿಗೆ (ಒಂದೊಂದು ಆಟದ ಎಲೆ ಇಡೋ ಹಲಗೆ) ಎಲೆ ಹಂಚಿಟ್ಟಿರೋಳು.

ಏಳೆಂಟು ತಿಂಗಳು, ವಾರಕ್ಕೆ ಮೂರು ಸಂಜೆ. ಬ್ರಿಡ್ಜಲ್ಲಿ ಕೂರೋ ಜಾಗಕ್ಕೆ ದಿಕ್ಕಿನ ಹೆಸರು, ನಾರ್ತ್ ಸೌತ್ ಒಂದು ಜೋಡಿ, ಈಸ್ಟ್ ವೆಸ್ಟ್ ಇನ್ನೊಂದು. ಟ್ರೇ ತಳ್ಳೋದು ನಾರ್ತ್ ಸೌತ್ ಅಲ್ವಾ, ಟ್ರೇ ತಡವಾದ್ರೂ ತಲೆ ಕೆಡಿಸ್ಕೊಳ್ಳದೇ ಇರೋದು ಅಭ್ಯಾಸ ಆಗ್ಲಿ ಅಂತ ಅವರಿಗೆ ಬೇಕಂತಲೇ ಒಂದ್ಸಲ ಬೇಗ, ಒಂದ್ಸಲ ತಡವಾಗಿ ತಳ್ಳಿ ಅಂತಿದ್ದೆ, ಎಷ್ಟು ಹೊತ್ತು ಅನ್ನೋದನ್ನ ಒಂದು ಚೀಟಿ ಪದ್ಧತೀಲಿ ತೀರ್ಮಾನ ಮಾಡ್ತಿದ್ವಿ.

ಆ ವರ್ಷ ಚೀಟಿಂಗ್ ಗಲಾಟೆ ಬೇರೆ, ಇಸ್ರೇಲ್, ಮೊನಾಕೊ ಟೀಮ್‌ಗಳು ಬರಲೇ ಇಲ್ಲ, ಟ್ರೇ ಬೋರ್ಡಿಂದ ಸನ್ನೆ ಮಾಡ್ತಾರೇನೋ ಅಂತ ಎಲ್ರ ಕಣ್ಣೂ ಅವುಗಳ ಮೇಲೆ. ನಮಗೆ ಏನೂ ಅನ್ನಿಸಲಿಲ್ಲ. ಒಂದು ಬೋರ್ಡ್ ಹೇಳ್ತೀನಿ. ನಾನು ಈಸ್ಟ್, ಸ್ಕ್ರೀನಿನ ನನ್ನ ಕಡೆಯೇ ಪಕ್ಕದಲ್ಲಿ ಕೂತ ಎದುರಾಳಿ ನಾರ್ತ್ ಒಂದು ಸ್ಪೇಡ್ ಅಂತ ಬಿಡ್ ಮಾಡಿದ್ರು, ಆ ಕಡೆಯಿಂದ ಸೌತ್ ಮೂರು, ನಾರ್ತ್ ಯೋಚಿಸಿ ನಾಲ್ಕು ಹಾಕಿದ್ರು, ನಾನೂ ತುಂಬಾ ಹೊತ್ತು ಕೂತು ಪಾಸ್ ಅಂದೆ. ಟ್ರೇ ಆ ಕಡೆ ತಡವಾಗಿ ಹೋಯ್ತು, ಆದ್ರೆ ತಡ ಯಾರದು ಅಂತ ನನ್ನ ಪಾರ್ಟ್ನರ್‌ಗೆ ಗೊತ್ತಾಗೋ ಹಾಗೇ ಇಲ್ಲ, ತಡವಾದ ಟ್ರೇ ಅವರಿಗೆ ಎಂಟು ತಿಂಗಳ ಅಭ್ಯಾಸ, ತಮ್ಮ ಕೈ ಮಾತ್ರ ನೋಡಿ ಡಬಲ್ (ಸೋತ್ರೆ ದಂಡ ಜಾಸ್ತಿ) ಅಂದ್ರು. ಅವರು ಹೇಳಿದ್ದಕ್ಕಿಂತ ಎರಡು ಟ್ರಿಕ್ ಕಮ್ಮಿ ಗೆದ್ರು, ಅಂದ್ರೆ ಎರಡು ಡೌನ್, ನಾನ್ ವಲ್ನರಬಲ್ (ದಂಡ ಕಮ್ಮಿ ಇರೋ ಸ್ಥಿತಿ), ನಮಗೆ 300. ಇನ್ನೊಂದು ಮೇಜಲ್ಲಿ ಅದೇ ಎಲೆಗಳಿಗೆ ನಾರ್ತ್ ಸೌತ್ ಕೂತ ನಮ್ಮ ಇನ್ನೊಂದು ಜೋಡಿ ಎರಡು ಸ್ಪೇಡಲ್ಲಿ ನಿಂತು ಗೆದ್ದು 110, ಒಟ್ಟು 9 ಇಂಪ್ಸ್.

ಲಾಲ್‌ಬಾಗ್ ಎಕ್ಸ್‌ಪ್ರೆಸ್ಸು, ಗಿಂಡಿ ಹತ್ರ ಲಾಡ್ಜು, ಊಟ, ಫೀ ಎಲ್ಲಾ ಸೇರಿ ತಲೆಗೆ ಮೂವತ್ತು ಸಾವಿರದ ಆಸುಪಾಸು ಆಯ್ತು. ನಾಕೌಟ್ ಮುಟ್ಟಲಿಲ್ಲ, ಆದ್ರೆ ಟೇಬಲ್ಲಿನ ಮೇಲರ್ಧದಲ್ಲಿ ಮುಗಿಸಿದ್ವಿ, ಸ್ಕ್ರೀನ್‌ನಿಂದ ಕಳ್ಕೊಂಡಿದ್ದು ಸೊನ್ನೆ. ಪ್ರಿಸಿಷನ್ ಕಲೀರಿ ಅಂದವರಲ್ಲೇ ಒಬ್ರು ವಾಪಸ್ ಬಂದ ವಾರ ಟೇಪ್ ಹಿಡ್ಕೊಂಡು ಮನೆಗೆ ಬಂದು ಕಿಂಡಿ ಅಳತೆ ತಗೊಂಡು ಹೋದ್ರು.