ಕೀಲಿ ತಿರುಗಿಸಿದರೆ ಟಕಟಕ ಸದ್ದಷ್ಟೇ: ನಾನು ಲಾನ್ ಮೋವರ್ ರಿಪೇರಿ ಮಾಡಿದ ಬಗೆ

ಕುಳಿತು ಓಡಿಸುವ, ಹುಲ್ಲು ಕತ್ತರಿಸುವ ಲಾನ್ ಮೋವರ್ ಸ್ಟಾರ್ಟ್ ಆಗದಿದ್ದರೆ ಹಲವರು ಮೊದಲು ಹೊಸ ಬ್ಯಾಟರಿ ತರುತ್ತಾರೆ. ಆಗಲೂ ಜಗ್ಗದಿದ್ದರೆ ಸೊಲೆನಾಯ್ಡ್ (ಕೀಲಿ ತಿರುಗಿಸಿದಾಗ ಬ್ಯಾಟರಿಯನ್ನು ಸ್ಟಾರ್ಟರ್‌ಗೆ ಜೋಡಿಸುವ ಸ್ವಿಚ್), ಅನಂತರ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರ್. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ವಿದ್ಯುತ್ತು ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಕೈಯಲ್ಲಿದ್ದರೆ ದೋಷ ಎಲ್ಲಿದೆ ಎಂದು ಯಂತ್ರವೇ ತೋರಿಸಿಕೊಡುತ್ತದೆ. ಬಿಡಿಭಾಗ ಕೊಳ್ಳುವ ಮಾತು ಆಮೇಲಿನದು.

ನನ್ನ ಯಂತ್ರ ಕೀಲಿ ತಿರುಗಿಸಿದಾಗ ಟಕಟಕನೆ ಸದ್ದು ಮಾಡುತ್ತಿತ್ತು, ಎಂಜಿನ್ ಮಾತ್ರ ಅಲುಗುತ್ತಿರಲಿಲ್ಲ. ಸದ್ದೇ ಬರದಿದ್ದರೆ ಫ್ಯೂಸ್, ಕೀಲಿಯ ಸ್ವಿಚ್ ಅಥವಾ ಸುರಕ್ಷತಾ ಸ್ವಿಚ್‌ಗಳನ್ನು ನೋಡಬೇಕು. ಬ್ರೇಕ್ ಪೆಡಲ್ ಪೂರ್ತಿ ಒತ್ತಿರಬೇಕು, ಬ್ಲೇಡ್‌ನ ಸಂಪರ್ಕ ಬಿಡಿಸಿರಬೇಕು. ಇಲ್ಲವಾದರೆ ಸ್ಟಾರ್ಟರ್‌ಗೆ ವಿದ್ಯುತ್ತು ಹೋಗದಂತೆ ತಯಾರಕರೇ ತಡೆ ಇಟ್ಟಿರುತ್ತಾರೆ. ಟಕಟಕ ಸದ್ದು ಬರುತ್ತಿದೆ ಎಂದರೆ ಕೀಲಿಯಿಂದ ಸೊಲೆನಾಯ್ಡ್‌ವರೆಗಿನ ಸಣ್ಣ ತಂತಿಗಳ ದಾರಿ ಸರಿಯಾಗಿದೆ, ತೊಂದರೆ ದಪ್ಪ ಕೇಬಲ್‌ಗಳ ದಾರಿಯಲ್ಲಿ ಅಥವಾ ಬ್ಯಾಟರಿಯಲ್ಲಿ ಇದೆ ಎಂದು ತಿಳಿಯಬಹುದು.

ಬ್ಯಾಟರಿ 12.6 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿಗೆ ಅದು ಸರಿಯಾದ ಅಂಕಿಯೇ. ಆದರೆ ಸುಮ್ಮನೆ ಇರುವಾಗಿನ ಅಂಕಿಯನ್ನು ನಂಬಿ ಕೂರಬಾರದು, ಭಾರ ಬಿದ್ದಾಗ ಏನಾಗುತ್ತದೆ ಎಂಬುದೇ ಮುಖ್ಯ. ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಿ ಎಂಜಿನ್‌ನ ಲೋಹಕ್ಕೆ ತಾಗುವಂತೆ ಕಟ್ಟಿದೆ. ಮನೆಯವರೊಬ್ಬರು ಸೀಟಿನ ಮೇಲೆ ಕುಳಿತು ಕೀಲಿ ತಿರುಗಿಸುತ್ತಿದ್ದಾಗ ನಾನು ಮೀಟರ್ ಹಿಡಿದೆ. ಬ್ಯಾಟರಿಯ ಎರಡು ಧ್ರುವಗಳ ನಡುವೆ ವೋಲ್ಟೇಜ್ ಇಳಿಯಲೇ ಇಲ್ಲ ಎನ್ನಬೇಕು. ಬ್ಯಾಟರಿ ಸೋತಿದ್ದರೆ ಅದು ಒಂಬತ್ತು ವೋಲ್ಟ್‌ಗಿಂತ ಕೆಳಗೆ ಕುಸಿಯುತ್ತಿತ್ತು. ಇಳಿಯಲಿಲ್ಲ ಎಂದರೆ ದೊಡ್ಡ ಪ್ರಮಾಣದ ವಿದ್ಯುತ್ತು ಹೊರಗೆ ಹರಿಯುತ್ತಲೇ ಇಲ್ಲ, ದಾರಿಯಲ್ಲಿ ಎಲ್ಲೋ ತಡೆಯಿದೆ.

ತಡೆ ಹುಡುಕಲು ಮೀಟರ್‌ನ ಒಂದು ತಂತಿಯ ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೂ ಇಟ್ಟು ಮತ್ತೆ ಕೀಲಿ ತಿರುಗಿಸಲು ಹೇಳಿದೆ. ಈ ಎರಡನ್ನೂ ಜೋಡಿಸುವ ಅರ್ತ್ ಕೇಬಲ್ ಆರೋಗ್ಯವಾಗಿದ್ದರೆ ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದು. ಇಲ್ಲಿ ಅಂಕಿ ಕುಣಿಯುತ್ತಾ ಹಲವು ವೋಲ್ಟ್‌ಗಳವರೆಗೆ ಏರಿತು. ಬ್ಯಾಟರಿಯ ಋಣಧ್ರುವದಿಂದ ಕೇಬಲ್ ಮೊದಲು ಕಳಚಿ, ಅದು ಚಾಸಿಗೆ (ಯಂತ್ರದ ಚೌಕಟ್ಟಿಗೆ) ಸೇರುವ ಬೋಲ್ಟ್ ಬಿಚ್ಚಿ ನೋಡಿದರೆ ಅಡಿಯಲ್ಲಿ ತುಕ್ಕಿನ ಪುಡಿ. ಮೇಲಿನಿಂದ ನೋಡಿದವರಿಗೆ ಅದು ಬಿಗಿಯಾಗಿಯೇ ಕಾಣುತ್ತಿತ್ತು! ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತಾದ ಮೇಲೆ ಮರುಜೋಡಿಸಿದೆ. ಜೋಡಿಸುವಾಗ ಋಣಧ್ರುವ ಕೊನೆಗೆ.

ಈಗ ಎಂಜಿನ್ ತಿರುಗಿತು, ಆದರೆ ಮತ್ತೆ ಮತ್ತೆ ಒಂದೇ ಕಡೆ ಗಕ್ಕನೆ ನಿಲ್ಲುತ್ತಿತ್ತು. ನೋಡಿದವರು ಬ್ಯಾಟರಿ ದುರ್ಬಲ ಎಂದೇ ಹೇಳುತ್ತಾರೆ. ಆದರೆ ಕಾರಣ ಬೇರೆ ಇರಬಹುದು. ಒಂದೇ ಸಿಲಿಂಡರಿನ ಇಂಥ ಅನೇಕ ಎಂಜಿನ್‌ಗಳಲ್ಲಿ, ಸ್ಟಾರ್ಟ್ ಮಾಡುವಾಗ ಒಂದು ವಾಲ್ವ್ ಅನ್ನು ತುಸುವೇ ಎತ್ತಿ ಸಿಲಿಂಡರಿನ ಒತ್ತಡವನ್ನು ಕಡಿಮೆ ಮಾಡುವ ಪುಟ್ಟ ವ್ಯವಸ್ಥೆ, ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಮೇಲಿರುತ್ತದೆ. ಕಾಲಕ್ರಮೇಣ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ಅಂದರೆ ವಾಲ್ವ್‌ನ ಅಂತರ ಹೆಚ್ಚಾದರೆ ಆ ಸಣ್ಣ ಎತ್ತುವಿಕೆ ವಾಲ್ವ್‌ವರೆಗೆ ತಲುಪುವುದೇ ಇಲ್ಲ. ಸ್ಟಾರ್ಟರ್ ಪೂರ್ತಿ ಒತ್ತಡದ ವಿರುದ್ಧ ಹೆಣಗಬೇಕಾಗುತ್ತದೆ. ಎಷ್ಟು ಒಳ್ಳೆಯ ಸ್ಟಾರ್ಟರ್‌ಗಳು ಈ ಒಂದು ಕಾರಣಕ್ಕೆ ಗುಜರಿ ಸೇರುತ್ತವೆಯೋ ಎಂದು ನನಗೆ ಸಂಕಟವಾಗುತ್ತದೆ.

ತಣ್ಣಗಿದ್ದ ಎಂಜಿನ್‌ನ ವಾಲ್ವ್ ಮುಚ್ಚಳ ತೆಗೆದೆ. ಪ್ಲಗ್ ಕಳಚಿ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹಂತದ ತುತ್ತತುದಿಗೆ ಪಿಸ್ಟನ್ ತಂದು, ಅಲ್ಲಿಂದ ಸುಮಾರು 6 ಮಿ.ಮೀ. ಕೆಳಗಿಳಿಸಿದೆ. ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಇಟ್ಟರೆ ಎರಡೂ ಕಡೆ ಬೇಕಾದದ್ದಕ್ಕಿಂತ ಬಹಳ ಸಡಿಲ. ಇಂಥ ಎಂಜಿನ್‌ಗಳಲ್ಲಿ ಅಂತರ ಸಾಮಾನ್ಯವಾಗಿ 0.10ರಿಂದ 0.15 ಮಿ.ಮೀ. ಸುತ್ತಮುತ್ತ ಇರುತ್ತದೆ, ಆಯಾ ಎಂಜಿನ್‌ನ ಕೈಪಿಡಿಯ ಅಳತೆಯೇ ಅಂತಿಮ. ಹೊಂದಿಸಿದ ಮೇಲೆ ಲಾಕ್ ನಟ್ ಬಿಗಿ ಮಾಡುವಾಗ ಅಂತರ ಸರಿಯುವುದುಂಟು, ಆದ್ದರಿಂದ ಬಿಗಿದ ನಂತರ ಮತ್ತೊಮ್ಮೆ ಅಳೆದೆ.

ಪೆಟ್ರೋಲ್‌ನ ವಿಷಯ ನನ್ನ ಯಂತ್ರದಲ್ಲಿ ಬರಲಿಲ್ಲ. ಎಂಜಿನ್ ಸಲೀಸಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮಾತ್ರ ಆ ಕಡೆ ಹೋಗಬೇಕು: ಹಳೆಯ ಪೆಟ್ರೋಲ್, ಅಂಟು ಕಟ್ಟಿದ ಕಾರ್ಬ್ಯುರೇಟರ್, ಫಿಲ್ಟರ್, ಪ್ಲಗ್‌ನ ಕಿಡಿ.

ಸೊಲೆನಾಯ್ಡ್‌ನ ಎರಡು ದಪ್ಪ ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವುದನ್ನು ದಯವಿಟ್ಟು ಮಾಡಬೇಡಿ. ಆ ದಾರಿಯಲ್ಲಿ ಸ್ಟಾರ್ಟ್ ಆಗುವಾಗಿನ ಸುರಕ್ಷತಾ ಸ್ವಿಚ್‌ಗಳ ತಡೆ ಉಳಿಯುವುದಿಲ್ಲ, ಗೇರ್‌ನಲ್ಲಿರುವ ಯಂತ್ರ ಮುಂದೆ ನಿಂತವರ ಮೇಲೆಯೇ ಬರಬಹುದು. ಸೀಟಿನ ಸ್ವಿಚ್ಚಿಗೆ ತಂತಿ ಸುತ್ತಿ ನಿಷ್ಕ್ರಿಯಗೊಳಿಸುವುದೂ ಅಷ್ಟೇ ಅಪಾಯ.

ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಹಾಕಿ, ಪ್ಲಗ್ ಮತ್ತು ಅದರ ತಂತಿ ಜೋಡಿಸಿ, ಯಂತ್ರವನ್ನು ಬಯಲಿಗೆ ತಳ್ಳಿ ಕೀಲಿ ತಿರುಗಿಸಿದೆ. ಎಲ್ಲೂ ತಡೆಯದೆ ತಿರುಗಿ ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಮುಚ್ಚಳದ ಅಂಚಿನಲ್ಲಿ ಎಣ್ಣೆ ಜಿನುಗುತ್ತಿಲ್ಲ ಎಂದು ನೋಡಿಕೊಂಡು, ಮತ್ತೆ ಸ್ಟಾರ್ಟ್ ಮಾಡಿ ಬ್ಲೇಡ್ ಚಾಲೂ ಮಾಡಿದೆ.